ಮಕ್ಕಳ ಎಕ್ಸ್‌ರೇಗೆ ಮೈನಸ್ ಬಂದ ವರ್ಷ

ಆಗೋದಿಲ್ಲ ಅಂತ ಮೊದಲು ಹೇಳಿದವರು ನಮ್ಮತ್ತೆ ಪುಟ್ಟತಾಯಮ್ಮ. ಐವತ್ತೇಳನೇ ವಯಸ್ಸಿನಲ್ಲಿ ನಾನು ಡಿಗ್ರಿಗೆ ಅರ್ಜಿ ಹಾಕಿ ಬಂದ ಸಂಜೆ ಅವರು ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲೂ ಇಲ್ಲ. "ನಿಂಗೆ ಡಿಗ್ರಿ ಬರೋದೂ ಒಂದೇ, ನಂಗೆ ಹಲ್ಲು ಬರೋದೂ ಒಂದೇ ಕಣಮ್ಮಿ. ಬುಡು, ಬಂದು ಕಾಯಿ ಬುಡಿಸು" ಅಂದರು. ಅವರ ಬಾಯಲ್ಲಿ ಆಗಲೇ ಒಂದು ಹಲ್ಲೂ ಇರಲಿಲ್ಲ.

ಎರಡನೆಯವರು ನಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರು. "ಯಾಕ್ರೀ ರತ್ನಮ್ಮ, ರಿಟೈರ್ ಆಗೋ ಹೊತ್ತಲ್ಲಿ? ಮೊಮ್ಮಕ್ಕಳನ್ನ ಆಡಿಸ್ಕೊಂಡಿರೋದಲ್ವ?"

"ನಂಗೆ ಮೊಮ್ಮಕ್ಕಳಿಲ್ಲ ಸರ್."

"ಮೊದ್ಲು ಅದಕ್ಕೆ ಅರ್ಜಿ ಹಾಕಿ."

ಆಗುತ್ತೆ ಅಂದವನು ಒಬ್ಬನೇ, ನಮ್ಮ ಎಕ್ಸ್‌ರೇ ಕೋಣೆಯ ಅಟೆಂಡರ್ ಹೊನ್ನಪ್ಪ. ಹೆಚ್ಚುಕಡಿಮೆ ಅದನ್ನು ಕೆಡಿಸಿದವನೂ ಅವನೇ.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಗ್ರೇಡ್ ಬಂತು, ಯಾರ ಮೇಲೆ ಸೀನಿಯರ್ ಆದೆ ಅನ್ನೋದೆಲ್ಲ ಇಲ್ಲಿ ಬರಲ್ಲ. ಅದು ನನಗೇ ನೆನಪಿಲ್ಲ.

ನಾನು ಕೋರದವಳು. ಹೈವೇ ಪಕ್ಕದಲ್ಲಿ ನಮ್ಮಪ್ಪನ ಪಂಕ್ಚರ್ ಅಂಗಡಿ. ನಮ್ಮ ಎರಡೂ ಕಡೆಯ ಮನೆಗಳಲ್ಲಿ ಹೈಸ್ಕೂಲು ದಾಟಿದವಳು ನಾನೊಬ್ಬಳೇ. ಪಿಯುಸಿ ಆದಮೇಲೆ ನರ್ಸಿಂಗ್ ಸೇರಿಸೋಣ ಅಂತ ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋದ. ನಾವು ಕಿಟಕಿ ಮುಟ್ಟುವ ಹೊತ್ತಿಗೆ ನರ್ಸಿಂಗ್ ಫಾರಂ ಮುಗಿದಿತ್ತು. ಒಳಗಿದ್ದವರು "ಎಕ್ಸ್‌ರೇ ಡಿಪ್ಲೊಮಾದು ಇದೆ, ಬೇಕಾ?" ಅಂದರು. ಅಪ್ಪ "ಯಾವ್ದಿದ್ರೆ ಅದು ಕೊಡಿ ಸ್ವಾಮಿ" ಅಂದ, ಅಂಗಡಿಯಲ್ಲಿ ಟ್ಯೂಬು ಕೇಳಿದ ಹಾಗೆ. ಬಸ್ಸಿನಲ್ಲಿ ವಾಪಸ್ ಬರುವಾಗ ಆ ಕೆಲಸ ಏನು ಅಂತ ಕೇಳಿದ. ಹೊರಗಡೆಯಿಂದಲೇ ಒಳಗೆ ಎಲ್ಲಿ ಮುರಿದಿದೆ, ಎಲ್ಲಿ ತೂತಾಗಿದೆ ನೋಡೋದು ಅಂತ ಹೇಳಿದೆ. "ಹಂಗಾದ್ರೆ ಪಂಕ್ಚರ್ ಹುಡುಕೋದು. ನಮ್ ಮನೆ ಕಸುಬೇ ಬುಡು" ಅಂತ ಸಮಾಧಾನ ಮಾಡಿಕೊಂಡ.

ನಾನು ಸೇರಿದ್ದು ತುಮಕೂರಿನ ಒಂದು ಟ್ರಸ್ಟ್ ಆಸ್ಪತ್ರೆ. ಹೆಸರು ಬೇಡ. ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಅದರ ಚಿಕ್ಕ ಶಾಖೆಗಳಿದ್ದವು. ಮೂರು ಕಡೆಗೂ ಎಕ್ಸ್‌ರೇ ಮೇಲ್ವಿಚಾರಣೆ ನನ್ನದೇ ಆಯಿತು. ವಾರಕ್ಕೊಂದು ದಿನ ಗುಬ್ಬಿ, ಒಂದು ದಿನ ಕುಣಿಗಲ್, ಉಳಿದ ದಿನ ತುಮಕೂರು. ಮೂರೂ ಊರಿನಲ್ಲಿ ಜನ ನನ್ನನ್ನು ಕರೆದದ್ದು 'ಸಿಸ್ಟರ್' ಅಂತಲೇ. ನಾನು ಸಿಸ್ಟರ್ ಅಲ್ಲ, ಎಕ್ಸ್‌ರೇ ಟೆಕ್ನಿಷಿಯನ್ ಅಂತ ಮೊದಲ ಎರಡು ವರ್ಷ ಹೇಳಿದೆ. "ಆಯ್ತು ಸಿಸ್ಟರ್" ಅನ್ನುತ್ತಿದ್ದರು. ಬಿಟ್ಟೆ.

ಮಕ್ಕಳ ಎಕ್ಸ್‌ರೇ ಬಗ್ಗೆ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಅಮ್ಮಂದಿರು ಇದನ್ನು ಫೋಟೋ ಅಂತಲೇ ತಿಳಿಯೋದು. ಗುಬ್ಬಿಯಲ್ಲಿ ಒಬ್ಬಾಕೆ ನ್ಯುಮೋನಿಯಾ ಆಗಿದ್ದ ಮಗುವಿಗೆ ಪೌಡರ್ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ಹೊಸ ಸ್ವೆಟರ್ ತೊಡಿಸಿ ತಂದಿದ್ದಳು. ಸ್ವೆಟರ್ ಬಿಚ್ಚಿ ಅಂದಾಗ ಅವಳ ಮುಖ ನೋಡಬೇಕಿತ್ತು. ಕುಣಿಗಲ್‌ನಲ್ಲಿ ಒಬ್ಬ ಅಜ್ಜಿ ಅವಳಿ ಮೊಮ್ಮಕ್ಕಳನ್ನು ಎರಡು ಕಂಕುಳಲ್ಲಿ ಎತ್ತಿಕೊಂಡು ಬಂದು, "ಕೆಮ್ಮು ಇವನೊಬ್ಬನಿಗೇಯ. ಆದ್ರೂ ಇಬ್ರುನ್ನೂ ಸೇರಿಸಿ ಹೊಡ್ದುಬುಡಿ ಸಿಸ್ಟರ್, ಆಮೇಲೆ ಈ ಇನ್ನೊಬ್ಬ ಅಳ್ತಾನೆ" ಅಂದಿತ್ತು.

ಅತಿ ದೊಡ್ಡ ತಾಪತ್ರಯ ಉಡಿದಾರದ್ದು. ಹೊಟ್ಟೆಯ ಎಕ್ಸ್‌ರೇ, ಸೊಂಟದ ಎಕ್ಸ್‌ರೇ ಅಂತ ಬರುವ ಮಗುವಿನ ಉಡಿದಾರದಲ್ಲಿ ಎರಡು ತಾಯತ, ಒಂದು ಬೆಳ್ಳಿ ಗೆಜ್ಜೆ, ಒಂದೊಂದು ಸಲ ಬೀಗದ ಕೈ ಕೂಡ. ಎಲ್ಲವೂ ಚಿತ್ರದಲ್ಲಿ ಬೆಳ್ಳಗೆ ಬಂದು ನೋಡಬೇಕಾದ ಜಾಗವನ್ನೇ ಮುಚ್ಚುತ್ತಿದ್ದವು. ಬಿಚ್ಚಿ ಅಂದರೆ ಅಮ್ಮಂದಿರು ಎದೆ ಹಿಡಿದುಕೊಳ್ಳುತ್ತಿದ್ದರು. ಉಡಿದಾರ ಬಿಚ್ಚೋದು ಪ್ರಾಣ ಹೋದಮೇಲೆ ತಾನೇ! ಹಾಗಾಗಿ ಮೇಲೆ ಸರಿಸಿ ಒಂದು, ಕೆಳಗೆ ಸರಿಸಿ ಒಂದು ಅಂತ ಎರಡೆರಡು ಸಲ ಹೊಡೆಯುತ್ತಿದ್ದೆವು. ಇದನ್ನು ಮನೆಯಲ್ಲಿ ಗೊಣಗಿದಾಗ ಅತ್ತೆ ನಕ್ಕುಬಿಟ್ಟರು. "ಬರೀ ಸೊಂಟ ಬುಡಬಾರ್ದು ಅಷ್ಟೇಯ. ಹೊಸದು ಕಟ್ಟಿ ಹಳೇದು ಬಿಚ್ಚು. ಇಷ್ಟ್ ಓದಿದೀಯ, ಇದು ಗೊತ್ತಿಲ್ವಾ?"

ಮಾರನೇ ದಿನದಿಂದ ಡ್ರಾಯರ್‌ನಲ್ಲಿ ಬರೀ ನೂಲಿನ ಕರಿ ಉಡಿದಾರದ ಕಟ್ಟು ಇಟ್ಟೆ. ಹೊಸದು ಕಟ್ಟೋದು, ಹಳೇದು ಬಿಚ್ಚಿ ಅಮ್ಮನ ಕೈಗೆ ಕೊಡೋದು, ಒಂದೇ ಸಲ ಹೊಡೆಯೋದು. ಇವತ್ತಿಗೂ ಮೂರು ಊರಿನಲ್ಲಿ ಇದೇ ಕ್ರಮ. ಸ್ಟೋರಿನವರು ಇಂಡೆಂಟ್ ನೋಡಿ "ಎಕ್ಸ್‌ರೇಗೆ ಉಡಿದಾರ ಯಾಕೆ?" ಅಂತ ಪ್ರತಿ ವರ್ಷ ಕೇಳುತ್ತಾರೆ. ಪ್ರತಿ ವರ್ಷ ಉತ್ತರ ಬರೆದು ಕೊಡಬೇಕು.

ಈಗ ಡಿಗ್ರಿ ವಿಷಯ. ಕೆಲಸದಲ್ಲಿರುವ ಡಿಪ್ಲೊಮಾದವರು ಎರಡು ವರ್ಷ ಓದಿ ಪದವಿ ತೆಗೆದುಕೊಳ್ಳಬಹುದು ಅಂತ ಆಯಿತು. ಒಂದೇ ಷರತ್ತು, ಮುಗಿಯುವವರೆಗೆ ಕೆಲಸದಲ್ಲಿರಬೇಕು. ನನಗೆ ಉಳಿದಿದ್ದೇ ಮೂರು ವರ್ಷಕ್ಕೆ ಕಡಿಮೆ. ಒಂದು ಸಲ ತಪ್ಪಿದರೆ ಮತ್ತೆ ಇಲ್ಲ. ಪರೀಕ್ಷೆಗಳನ್ನು ಹೇಗೋ ಪಾಸು ಮಾಡಿದೆ, ನನ್ನ ಪಕ್ಕ ಕೂತ ಹುಡುಗರು ನನ್ನನ್ನು ಇನ್ವಿಜಿಲೇಟರ್ ಅಂದುಕೊಂಡು ಅಡಿಷನಲ್ ಶೀಟ್ ಕೇಳುತ್ತಿದ್ದರು. ಉಳಿದದ್ದು ಪ್ರಾಜೆಕ್ಟ್.

ನನ್ನ ಗೈಡ್ ಮೇಡಂ ಬೆಂಗಳೂರಿನಲ್ಲಿದ್ದ ಫಿಸಿಕ್ಸ್‌ನವರು, ವಯಸ್ಸಿನಲ್ಲಿ ನನ್ನ ಅರ್ಧ. ಮೊದಲ ಭೇಟಿಯಲ್ಲೇ ಕೇಳಿದರು: "ಇಷ್ಟು ವರ್ಷ ಮಕ್ಕಳಿಗೆ ಎಕ್ಸ್‌ರೇ ತೆಗೆದಿದ್ದೀರಲ್ಲ ರತ್ನಮ್ಮನವರೇ, ಒಂದು ಮಗುವಿನ ಮೈಮೇಲೆ ಎಷ್ಟು ವಿಕಿರಣ ಬೀಳುತ್ತೆ, ಗೊತ್ತಾ?"

ಮಿಷನ್ನಿನ ಗುಂಡಿ ಎಲ್ಲಿ ನಿಲ್ಲಿಸಬೇಕು ಗೊತ್ತಿತ್ತು, ಮಗು ಅಳದಂತೆ ಹಿಡಿಯೋದು ಗೊತ್ತಿತ್ತು. ಎಷ್ಟು ಬೀಳುತ್ತೆ ಅನ್ನೋದು ಮಾತ್ರ ಒಂದು ದಿನವೂ ಅಳೆದಿರಲಿಲ್ಲ. ಎಣ್ಣೆ ಅಳೆಯದೆ ಮೂವತ್ತು ವರ್ಷ ಅಂಗಡಿ ನಡೆಸಿದ ಹಾಗೆ. ಅದೇ ನನ್ನ ಪ್ರಾಜೆಕ್ಟ್ ಆಯಿತು.

ಅಳೆಯುವ ವಿಧಾನ ಸರಳ. ಅಕ್ಕಿಕಾಳಿನಷ್ಟು ಪುಟ್ಟ ಬಿಳಿ ಚೌಕ ಬರುತ್ತೆ, ಚಿಪ್ ಅನ್ನುತ್ತೇವೆ. ಕರಿ ಪೊಟ್ಟಣದಲ್ಲಿ ಹಾಕಿ, ಎಕ್ಸ್‌ರೇ ಬೀಳುವ ಜಾಗದ ನಡುವೆ ಮಗುವಿನ ಮೈಗೆ ಟೇಪಿನಿಂದ ಅಂಟಿಸಬೇಕು. ಎಷ್ಟು ವಿಕಿರಣ ಬಿತ್ತೋ ಅದನ್ನು ಚಿಪ್ ಒಳಗೇ ಹಿಡಿದಿಟ್ಟುಕೊಳ್ಳುತ್ತೆ. ಲ್ಯಾಬಿನಲ್ಲಿ ಬಿಸಿ ಮಾಡಿದರೆ ಬೆಳಕು ಕೊಡುತ್ತೆ. ಎಷ್ಟು ಬೆಳಕೋ ಅಷ್ಟು ಡೋಸ್. ಇವುಗಳ ಜೊತೆ ಒಂದು ಪೊಟ್ಟಣವನ್ನು ಯಾರ ಮೈಗೂ ಅಂಟಿಸದೆ ಎಕ್ಸ್‌ರೇ ಸುಳಿಯದ ಕಡೆ ಬೇರೆ ಇಡಬೇಕು. ಅದು ಕಂಟ್ರೋಲ್. ಗಾಳಿ, ಮಣ್ಣು, ಗೋಡೆಯಿಂದ ಹೇಗಿದ್ದರೂ ಬರುವ ಅಷ್ಟಿಷ್ಟು ಅದರಲ್ಲಿ ಕೂಡಿರುತ್ತೆ. ಮಕ್ಕಳ ಲೆಕ್ಕದಿಂದ ಅದನ್ನು ಕಳೆದರೆ ಎಕ್ಸ್‌ರೇಯಿಂದ ಬಿದ್ದದ್ದು ಮಾತ್ರ ಉಳಿಯುತ್ತೆ.

ಇದನ್ನು ಹೊನ್ನಪ್ಪನಿಗೆ ವಿವರಿಸಿದೆ. "ನೋಡು ಹೊನ್ನಪ್ಪ, ಎಲ್ಲಾ ಪೊಟ್ಟಣದ ಲೆಕ್ಕಕ್ಕೂ ಇದೇ ಆಧಾರ. ಇದನ್ನ ಆಫೀಸಿನ ಬೀರುವಿನಲ್ಲಿಡು, ಯಾರೂ ಮುಟ್ಟಬಾರದು."

"ನಾನ್ ಇದೀನಲ್ಲ ಮೇಡಮ್ಮೋರೆ. ನೀವು ಚಿಂತೆ ಬುಡಿ."

ಹೊನ್ನಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ಫಿಲ್ಮ್ ಕಾಲದಲ್ಲಿ ಕತ್ತಲೆ ಕೋಣೆ ಅವನ ರಾಜ್ಯ. ಔಷಧಿ ನೀರಿನಲ್ಲಿ ಫಿಲ್ಮ್ ಅದ್ದಿ ತೊಳೆಯೋದು, ಒಣಗಿಸೋದು ಎಲ್ಲಾ ಅವನೇ. ಡಾಕ್ಟರು ಅರ್ಜೆಂಟ್ ಅಂದರೂ ಅವನು ಬಾಗಿಲು ತೆಗೆಯುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಕತ್ತಲೆ ಕೋಣೆ ಖಾಲಿ, ಅವನೂ ಖಾಲಿ. ಸುಮ್ಮನೆ ಕೂರುವ ಆಸಾಮಿ ಅಲ್ಲ. ದೇವರಾಯನದುರ್ಗದಿಂದ ನರಸಿಂಹಸ್ವಾಮಿಯ ಪಟ ತಂದು ಎಕ್ಸ್‌ರೇ ಕೋಣೆಯಲ್ಲಿ ಮೊಳೆ ಹೊಡೆದು ಹಾಕಿದ. ದಿನಾ ಹೂವು, ಕುಂಕುಮ. ಜನ ಎಕ್ಸ್‌ರೇಗೆ ಮೊದಲು ಕೈಮುಗಿದು ಉಸಿರು ಬಿಗಿ ಹಿಡಿಯುತ್ತಿದ್ದರು. ನಮಗೂ ಅನುಕೂಲವೇ ಆಯಿತು.

ಮೂರೂ ಊರಲ್ಲಿ ಪೊಟ್ಟಣ ಅಂಟಿಸುವ ಕೆಲಸ ಶುರುವಾಯಿತು. ಅಮ್ಮಂದಿರ ಒಪ್ಪಿಗೆ ಪಡೆಯೋದೇ ಒಂದು ಕಥೆ. ಕುಣಿಗಲ್‌ನಲ್ಲಿ ಒಬ್ಬಾಕೆ "ಇದ್ಯಾಕೆ?" ಅಂದಳು. ಎಷ್ಟು ಬೀಳುತ್ತೆ ಅಂತ ನೋಡೋಕಮ್ಮ ಅಂದೆ. "ಅಂದ್ರೆ ನಿಮಗೇ ಗೊತ್ತಿಲ್ವಾ?" ಅಂದಳು. ಗೈಡ್ ಮೇಡಂ ಕೇಳಿದ್ದೂ ಅದನ್ನೇ. ಇನ್ನೊಬ್ಬಾಕೆ, ಚಿಕ್ಕವನಿಗೆ ಅಂಟಿಸಿದ್ದು ಕಂಡು, ಹೊರಗೆ ಆಡುತ್ತಿದ್ದ ದೊಡ್ಡವನನ್ನೂ ಎಳೆದುಕೊಂಡು ಬಂದಳು. "ಇವನಿಗೂ ಒಂದು ಹಾಕಿ. ಒಬ್ಬನಿಗೆ ಕೊಟ್ಟು ಒಬ್ಬನಿಗೆ ಬುಟ್ರೆ ಮನೇಲಿ ಜಗಳ ಆಯ್ತದೆ." ಅವನಿಗೆ ಬರೀ ಟೇಪು ಅಂಟಿಸಿ ಕಳಿಸಿದೆ.

ತಿಂಗಳ ನಂತರ ಎಲ್ಲವನ್ನೂ ಬೆಂಗಳೂರಿಗೆ ತಲುಪಿಸಿದೆ. ವಾರ ಬಿಟ್ಟು ಗೈಡ್ ಮೇಡಂ ಫೋನ್ ಮಾಡಿದರು. ದನಿ ಒಂಥರಾ ಇತ್ತು.

"ರತ್ನಮ್ಮನವರೇ, ರಿಸಲ್ಟ್ ಬಂದಿದೆ. ಎಲ್ಲಾ ಮಕ್ಕಳದೂ ಮೈನಸ್."

"ಮೈನಸ್ ಅಂದ್ರೆ?"

"ಅಂದ್ರೆ, ಈ ಲೆಕ್ಕದ ಪ್ರಕಾರ ನಿಮ್ಮ ಎಕ್ಸ್‌ರೇ ಕೋಣೆಗೆ ಬಂದ ಮಗು, ಬರುವಾಗ ಇದ್ದದ್ದಕ್ಕಿಂತ ಕಮ್ಮಿ ವಿಕಿರಣ ಇಟ್ಟುಕೊಂಡು ಹೋಗಿದೆ."

ಎಲ್ಲೋ ತಪ್ಪಾಗಿದೆ, ಹುಡುಕಿ, ಹೀಗೇ ಕೊಟ್ಟರೆ ಪ್ರಾಜೆಕ್ಟ್ ಬಿದ್ದುಹೋಗುತ್ತೆ ಅಂದರು. ನಾನು ಪೆಚ್ಚಾಗಿ ಕೂತಿದ್ದಾಗ ಸೂಪರಿಂಟೆಂಡೆಂಟ್ ಸಾಹೇಬರು ಬಂದರು. ಬಾಯಿ ತಪ್ಪಿ ಹೇಳಿಬಿಟ್ಟೆ. ಅವರ ಮುಖ ಅರಳಿತು.

"ಮೈನಸ್ಸಾ? ಒಳ್ಳೆ ಸುದ್ದಿ ತಾನೆ!"

"ಸರ್, ಹಂಗೆ ಆಗೋಕೆ ಸಾಧ್ಯವಿಲ್ಲ."

"ನೀವು ಅಳೆದ್ರಿ ತಾನೆ? ಲ್ಯಾಬಿನೋರು ಹೇಳಿದ್ರು ತಾನೆ? ಇನ್ನೇನ್ರೀ? ಬೇರೆ ಆಸ್ಪತ್ರೆಯೋರು ಕಮ್ಮಿ ಅಂತಾರೆ. ನಾವು ಸೊನ್ನೆಗಿಂತ ಕಮ್ಮಿ!"

ಎರಡೇ ದಿನ. ಮೂರನೇ ದಿನ ಬೆಳಿಗ್ಗೆ ನಾನು ಗೇಟಿಗೆ ಬರುವಷ್ಟರಲ್ಲಿ ಫ್ಲೆಕ್ಸ್ ಕಟ್ಟಿಯಾಗಿತ್ತು. ಒಂದು ಕಡೆ ಸಾಹೇಬರು ಕೈಮುಗಿದು ನಿಂತಿದ್ದರು, ಇನ್ನೊಂದು ಕಡೆ ಯಾವುದೋ ದೇಶದ ಗುಂಡು ಮಗು ನಗುತ್ತಿತ್ತು. ನಡುವೆ ದೊಡ್ಡಕ್ಷರ: 'ನಮ್ಮಲ್ಲಿ ಮಕ್ಕಳಿಗೆ ಮೈನಸ್ ರೇಡಿಯೇಷನ್. ಹೆಮ್ಮೆಯಿಂದ.'

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಹನ್ನೊಂದು ಗಂಟೆಗೆ ಗುಬ್ಬಿ ಕಡೆಯಿಂದ ಒಬ್ಬಾತ ನಾಲ್ಕು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಕೈಯಲ್ಲಿ ಬೇರೆ ಬೇರೆ ಆಸ್ಪತ್ರೆಯ ಎಕ್ಸ್‌ರೇ ಕವರುಗಳ ಕಂತೆ. ಡಾಕ್ಟರ ಚೀಟಿ ಇಲ್ಲ.

"ಸಿಸ್ಟರ್, ಮಗೂಗೆ ಈ ವರ್ಷ ಬೇಜಾನ್ ಎಕ್ಸ್‌ರೇ ಆಗೋಗದೆ. ನಮ್ಮೋಳು ಹೆದರ್ಕೊಂಡವ್ಳೆ. ನಿಮ್ ಬೋರ್ಡ್ ನೋಡಿದೆ. ಇಲ್ಲಿ ಎರಡು ಹೊಡ್ಸಿದ್ರೆ ಅದೆಲ್ಲಾ ಕಳೆದೋಗುತ್ತಾ?"

ಆ ಮಗು ಅಪ್ಪನ ಕೂದಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿತ್ತು. ನನ್ನ ನಗು ಅಲ್ಲಿಗೆ ನಿಂತುಹೋಯಿತು. ನನ್ನ ಡಿಗ್ರಿ ಹಾಗಿರಲಿ, ನನ್ನ ತಪ್ಪು ಲೆಕ್ಕ ಗೇಟಿನಲ್ಲಿ ನೇತಾಡುತ್ತ ಮಕ್ಕಳನ್ನು ಒಳಗೆ ಕರೆಯುತ್ತಿದೆ. ಅವನನ್ನು ಕೂರಿಸಿ, ಎಕ್ಸ್‌ರೇ ಯಾವತ್ತೂ ಕಳೆಯಲ್ಲ, ಕೂಡುತ್ತೆ ಅಷ್ಟೇ, ಡಾಕ್ಟರು ಹೇಳದೆ ಒಂದೂ ಬೇಡ, ಆದರೆ ಕಾಯಿಲೆಗೆ ಬೇಕು ಅಂತ ಹೇಳಿದಾಗ ಹೆದರಿ ಬಿಡಲೂ ಬೇಡಿ ಅಂತ ಹೇಳಿದೆ. "ಹಂಗಾದ್ರೆ ಬೋರ್ಡು?" ಅಂದ. "ಬೋರ್ಡು ಸುಳ್ಳು" ಅಂದೆ. ಇಷ್ಟು ವರ್ಷದ ನೌಕರಿಯಲ್ಲಿ ಆಸ್ಪತ್ರೆಯ ವಿರುದ್ಧ ನಾನಾಡಿದ ಮೊದಲ ಮಾತು ಅದು.

ಸಾಹೇಬರಿಗೆ ಹೇಳಿದರೆ, "ಒಂದು ಸುಮ್ನೆ ಹೊಡೆದು ಕಳಿಸಬಾರ್ದಿತ್ತಾ? ಸಮಾಧಾನ ಆಗ್ತಿತ್ತು" ಅಂದರು.

ಸಿಟ್ಟಿನಲ್ಲಿ ಎಕ್ಸ್‌ರೇ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಆಗಲೇ ಗೈಡ್ ಮೇಡಂ ಮತ್ತೆ ಫೋನ್ ಮಾಡಿದರು. "ಒಂದು ವಿಚಿತ್ರ ನೋಡಿ. ನಿಮ್ಮ ಕಂಟ್ರೋಲ್ ಪೊಟ್ಟಣದಲ್ಲೇ ಎಲ್ಲಕ್ಕಿಂತ ಜಾಸ್ತಿ ಡೋಸ್ ಇದೆ. ಅದರ ಮೇಲೆ ಕೆಂಪು ಪುಡಿ ಅಂಟಿದೆ. ಒಂದು ಒಣಗಿದ ಎಸಳೂ ಇದೆ. ಏನದು?"

ತಲೆ ಎತ್ತಿದೆ. ಎದುರಿಗೆ ಗೋಡೆಯಲ್ಲಿ ಎದೆ ಎಕ್ಸ್‌ರೇ ತೆಗೆಯುವ ಸ್ಟ್ಯಾಂಡ್. ಅದರ ಸರಿಯಾಗಿ ಮೇಲೆ ನರಸಿಂಹಸ್ವಾಮಿಯ ಪಟ. ಪಟದ ಮುಂದೆ ಪುಟ್ಟ ಹಲಗೆ.

"ಹೊನ್ನಪ್ಪಾ!"

ಬಂದ.

"ಕಂಟ್ರೋಲ್ ಪೊಟ್ಟಣ ಎಲ್ಲಿಟ್ಟಿದ್ದೆ?"

"ಸ್ವಾಮಿ ಪಾದದಲ್ಲಿ."

"ಬೀರುವಿನಲ್ಲಿಡು ಅಂದಿದ್ದೆ!"

"ಎಲ್ಲಕ್ಕೂ ಇದೇ ಆಧಾರ ಅಂತ ನೀವೇ ಅಂದ್ರಿ. ಆಧಾರ ಆಗಿರೋದ್ನ ತಗೊಂಡೋಗಿ ಹಳೇ ಫೈಲು, ಇಲಿ ಪಾಷಾಣದ ಜೊತೆ ಬೀರುಗೆ ತುರುಕೋಕ್ ಆಯ್ತದಾ? ದಿನಾ ಎರಡ್ ಹೊತ್ತು ಹೂವ ಹಾಕಿವ್ನಿ. ನಿಮ್ ಡಿಗ್ರಿಗೋಸ್ಕರ."

ಒಂದು ತಿಂಗಳು ತುಮಕೂರಿನ ಜನವೆಲ್ಲ ಆ ಸ್ಟ್ಯಾಂಡಿಗೆ ಎದೆ ಕೊಟ್ಟು ನಿಂತಿದ್ದರು. ಪ್ರತಿ ಸಲವೂ ಆ ಪೊಟ್ಟಣ ತನ್ನ ಪಾಲು ಪಡೆದಿತ್ತು. ಒಂದು ಮಗುವಿಗೆ ಒಂದು ಎಕ್ಸ್‌ರೇ ಆದರೆ ಆಧಾರಕ್ಕೆ ನೂರಾರು. ಮಗುವಿನದರಿಂದ ಅದನ್ನು ಕಳೆದರೆ ಮೈನಸ್ ಬರದೆ ಇನ್ನೇನು ಬರುತ್ತೆ?

ಫೋನಿನಲ್ಲೇ ಇದ್ದ ಗೈಡ್ ಮೇಡಂ ಎಲ್ಲಾ ಕೇಳಿಸಿಕೊಂಡು ಮೊದಲು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ಅದು ಸರಿ. ಕಿರಣ ರೋಗಿಯ ಎದೆಗೆ ಮಾತ್ರ ತಾನೇ ಬೀಳಬೇಕು? ಪಟದವರೆಗೆ ಹೇಗೆ ಹೋಯಿತು?"

ಇದಕ್ಕೆ ಹೊನ್ನಪ್ಪ ಕಾರಣನಲ್ಲ. ಮಿಷನ್ನಿನ ಬಾಯಿಗೆ ಷಟರ್ ಇರುತ್ತೆ. ಬೇಕಾದಷ್ಟೇ ಜಾಗಕ್ಕೆ ಕಿರಣ ಬೀಳುವ ಹಾಗೆ ಅದನ್ನು ಮುಚ್ಚಬೇಕು. ನಾನು ಅಗಲ ಬಿಟ್ಟೇ ಹೊಡೆಯುತ್ತಿದ್ದೆ. ಏನೂ ತಪ್ಪಿಹೋಗದಿರಲಿ, ಮತ್ತೆ ಹೊಡೆಯೋದು ಬೇಡ ಅಂತ ಅಭ್ಯಾಸ. ದೊಡ್ಡವರಿಗೂ ಅಷ್ಟೇ, ಹಸುಗೂಸಿಗೂ ಅಷ್ಟೇ. ಇದನ್ನು ಹೊನ್ನಪ್ಪನ ಮುಂದೆ ಒಪ್ಪಿಕೊಂಡೆ. ಅವನು ಪಟ ನೋಡಿದ, ನನ್ನ ನೋಡಿದ.

"ಅಂದ್ರೆ ಮೇಡಮ್ಮೋರೆ, ಇಷ್ಟ್ ವರ್ಸ ನೀವು ಸ್ವಾಮಿಗೂ ಎಕ್ಸ್‌ರೇ ಹೊಡೀತಿದ್ರಾ?"

ಅವತ್ತೇ ಪಟಕ್ಕೆ ಕಾರಿಡಾರಿನಲ್ಲಿ ಜಾಗ ಮಾಡಿದ. ಮೂರು ದಿನ ನನ್ನ ಜೊತೆ ಮಾತು ಬಿಟ್ಟ.

ಗೈಡ್ ಮೇಡಂ ಕೊಟ್ಟ ಗಡುವು ಮೂರು ವಾರ. ಅಷ್ಟರಲ್ಲಿ ಹೊಸ ಚಿಪ್‌ಗಳಿಂದ ಮೂರೂ ಊರಲ್ಲಿ ಮತ್ತೆ ಅಳೆದು ಕೊಟ್ಟರೆ ಸರಿ. ಇಲ್ಲದಿದ್ದರೆ ಮುಂದಿನ ಬ್ಯಾಚು. ಮುಂದಿನ ಬ್ಯಾಚಿನ ಹೊತ್ತಿಗೆ ನಾನು ನಿವೃತ್ತಳು, ಅಂದರೆ ಡಿಗ್ರಿ ಇಲ್ಲ. ಸಾಹೇಬರಿಗೆ ಮತ್ತೆ ಅಳೀಬೇಕು ಅಂದಾಗ "ಫ್ಲೆಕ್ಸ್ ಆಗೋಗಿದೆಯಲ್ಲಮ್ಮ" ಅಂತ ಒದ್ದಾಡಿದರು. ಫ್ಲೆಕ್ಸ್ ಇಳಿಸದಿದ್ದರೆ ಗುಬ್ಬಿಯವನ ವಿಷಯ ಟ್ರಸ್ಟಿನವರಿಗೆ ಬರೆದು ಕೊಡ್ತೀನಿ ಅಂದೆ. ಮಧ್ಯಾಹ್ನ ಇಳಿಯಿತು. ಈಗಲೂ ಸ್ಕೂಟರ್ ಸ್ಟ್ಯಾಂಡಿನ ಮೇಲೆ ಮಳೆಗೆ ಹೊದಿಸಿದೆ. ಸಾಹೇಬರು ಆಕಾಶಕ್ಕೆ ಕೈಮುಗಿದುಕೊಂಡಿದ್ದಾರೆ.

ಈಗ ಪ್ರಶ್ನೆ, ಹೊಸ ಕಂಟ್ರೋಲ್ ಪೊಟ್ಟಣ ಎಲ್ಲಿಡೋದು? ಆಸ್ಪತ್ರೆಯ ಮೇಲೆ ನನಗೆ ನಂಬಿಕೆ ಹೋಗಿತ್ತು. ಮನೆಗೆ ತಂದೆ. ಅತ್ತೆಯ ಹತ್ತಿರ ಒಂದು ತಗಡಿನ ಟ್ರಂಕು ಇತ್ತು, ಕೊತ್ತಗೆರೆಯಿಂದ ಮದುವೆಯಾಗಿ ಬರುವಾಗ ತಂದದ್ದು. ಅದರ ಬೀಗದ ಕೈ ಅವರ ಕೊರಳಲ್ಲೇ. ನನ್ನ ಗಂಡನಿಗೂ ಅದರೊಳಗೆ ಏನಿದೆ ಗೊತ್ತಿಲ್ಲ.

"ಅತ್ತೆ, ಇದನ್ನ ಮೂರು ವಾರ ಇಟ್ಕೋಬೇಕು, ಯಾರ ಕೈಗೂ ಕೊಡಬೇಡಿ. ಒಲೆ ಹತ್ರ ಇಡಂಗಿಲ್ಲ, ಬಿಸಿಲಿಗೆ ಇಡಂಗಿಲ್ಲ. ಬಿಸಿ ತಗುಲಿದ್ರೆ ಒಳಗಿರೋದು ಅಳಿಸಿಹೋಗುತ್ತೆ. ದೇವರ ಮುಂದಂತೂ ಇಡಲೇಬಾರ್ದು."

"ದೇವ್ರ ಮುಂದೆ ಯಾಕಿಡಬಾರ್ದು?"

ಕಥೆ ಹೇಳಿದೆ. ಅತ್ತೆ ಸೆರಗು ಬಾಯಿಗೆ ಹಿಡಿದು ಬಗ್ಗಿ ಬಗ್ಗಿ ನಕ್ಕರು. ಆಮೇಲೆ ಪೊಟ್ಟಣವನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು.

"ಇದು ಏನ್ ಮಾಡುತ್ತೆ?"

"ಏನೂ ಮಾಡಲ್ಲ. ಸುಮ್ನೆ ಇರಬೇಕು. ಅದೇ ಅದರ ಕೆಲಸ."

"ಒಳ್ಳೆ ಕೆಲ್ಸ. ನನ್ ಮಗನಿಗೆ ಹೇಳಿ ಮಾಡಿಸಿದಂಗದೆ."

ಮೂರು ವಾರ ನಾನು ಬಸ್ಸಿನಲ್ಲೇ ಬದುಕಿದೆ. ಈ ಸಲ ಹೊನ್ನಪ್ಪ ಪೊಟ್ಟಣ ಮುಟ್ಟಲೇ ಇಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ದೂರದಿಂದ ಎಣಿಸಿ ಹೇಳುತ್ತಿದ್ದ. ಗುಬ್ಬಿ ಮುಗಿಯಿತು, ಕುಣಿಗಲ್ ಮುಗಿಯಿತು, ತುಮಕೂರಿನಲ್ಲಿ ಇನ್ನು ಕೆಲವೇ ಮಕ್ಕಳು ಬಾಕಿ. ಆಗ ಒಂದು ದಿನ ಒ.ಪಿ.ಡಿ.ಯಿಂದ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ನಮ್ಮತ್ತೆ. ಬಚ್ಚಲಲ್ಲಿ ಜಾರಿ ಮಂಡಿ ಊದಿಸಿಕೊಂಡು ನನ್ನ ಗಂಡನ ಜೊತೆ ಬಂದಿದ್ದರು. ಮೂಳೆ ಡಾಕ್ಟರು ಎಕ್ಸ್‌ರೇ ಬರೆದಿದ್ದರು. ಅತ್ತೆ ಎಕ್ಸ್‌ರೇ ಕೋಣೆಯ ಹೊಸ್ತಿಲಿಗೆ ಇನ್ನೂ ದೂರವಿರುವಾಗಲೇ ವೀಲ್‌ಚೇರಿನ ಚಕ್ರ ಹಿಡಿದು ಕೂತಿದ್ದರು.

"ನಾನು ಅದ್ರೊಳಕ್ಕೆ ಬರಾಕಿಲ್ಲ."

"ಅಮ್ಮ, ನೋವಾಗಲ್ಲ" ಅಂತ ನನ್ನ ಗಂಡ.

"ನಿಂಗೊತ್ತಿಲ್ಲ, ಸುಮ್ನಿರ್ಲಾ." ನನ್ನನ್ನು ಕಂಡವರೇ ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು. "ನನ್ ಸೆರಗಲ್ಲಿ ಐತೆ."

ಪೊಟ್ಟಣ! ಟ್ರಂಕು ಬಿಟ್ಟು ಮನೆ ಬೀಗ ಹಾಕಿ ಬರಲು ಧೈರ್ಯ ಬಾರದೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಇಡೀ ಊರಿನಲ್ಲಿ ಎಲ್ಲಿಗೆ ತರಬಾರದೋ ಅಲ್ಲಿಗೇ ತಂದಿದ್ದರು.

"ಕೊಡಿ ಅತ್ತೆ, ನಾನು ಹೊರಗೆ ಹಿಡ್ಕೋತೀನಿ. ನೀವು ಎಕ್ಸ್‌ರೇ ಮಾಡಿಸ್ಕೊಳ್ಳಿ."

"ನೀನು ದಿನವೆಲ್ಲಾ ಅದ್ರೊಳಗೇ ಇರೋಳು. ನಿನ್ ಕೈಗೂ ಕೊಡಾಕಿಲ್ಲ. ಯಾರ್ ಕೈಗೂ ಕೊಡಬ್ಯಾಡಿ ಅಂದೋಳು ನೀನೇಯ."

"ಮಂಡಿ?"

"ಮಂಡಿ ತಡೀತದೆ ಕಣಮ್ಮಿ. ಲೆಕ್ಕ ತಡೀತದಾ?"

ಗೇಟಿನಿಂದಾಚೆ ಹೋಗುವವರೆಗೆ ಸೆರಗಿನ ಗಂಟು ಮುಷ್ಟಿಯಲ್ಲೇ ಇತ್ತು. ನಾನು ಅವರೊಂದಿಗೆ ಮನೆಗೆ ಹೋಗಿ ಪೊಟ್ಟಣ ಟ್ರಂಕಿಗೆ ಹಾಕಿಸಿ, ನಾಳೆ ಖಾಲಿ ಸೆರಗಲ್ಲಿ ಬನ್ನಿ ಅಂದೆ. ಬರಲಿಲ್ಲ. ಗಡುವು ಮುಗಿಯಲಿ ಅಂದರು. ಅರಿಶಿನ ಪಟ್ಟು ಹಾಕಿಕೊಂಡು ಟ್ರಂಕಿನ ಪಕ್ಕ ಚಾಪೆ ಹಾಸಿಕೊಂಡು ಮಲಗಿದರು. ನಾನು ಪೊಟ್ಟಣಗಳನ್ನೆಲ್ಲ ಬೆಂಗಳೂರಿಗೆ ಕೊಟ್ಟು ಬಂದ ಮಾರನೇ ದಿನ ಎಕ್ಸ್‌ರೇಗೆ ಬಂದರು. ಮೂಳೆ ಮುರಿದಿರಲಿಲ್ಲ, ಪುಣ್ಯ.

ಈ ಸಲ ರಿಸಲ್ಟ್ ಎಲ್ಲಾ ಪ್ಲಸ್. ಕಂಟ್ರೋಲ್ ಎಷ್ಟು ಶುದ್ಧವಾಗಿತ್ತು ಅಂದರೆ, "ಇದನ್ನ ಎಲ್ಲಿಟ್ಟಿದ್ರಿ?" ಅಂತ ಗೈಡ್ ಮೇಡಂ ಕೇಳಿದರು. ಪ್ರಾಜೆಕ್ಟ್ ವರದಿಯಲ್ಲಿ 'ವಿಧಾನ' ಅನ್ನೋ ಕಡೆ, ಮನೆಯ ಹಿರಿಯರೊಬ್ಬರ ಸುಪರ್ದಿನಲ್ಲಿ ತಗಡಿನ ಟ್ರಂಕಿನಲ್ಲಿ ಇಡಲಾಗಿತ್ತು ಅಂತಲೇ ಬರೆದಿದ್ದೇನೆ.

ಆದರೆ ಇನ್ನೊಂದು ವಿಷಯ ಬರೆಯಲು ಕೈ ಓಡಲಿಲ್ಲ. ಜಾಸ್ತಿ ಡೋಸ್ ಗುಬ್ಬಿಯ ಹಳೇ ಮಿಷನ್ನಿನಲ್ಲಿ ಇರುತ್ತೆ ಅಂತ ನಾನು ಎಣಿಸಿದ್ದೆ. ಅಲ್ಲಿನ ಟೆಕ್ನಿಷಿಯನ್ ಹುಡುಗನಿಗೆ ಬುದ್ಧಿ ಹೇಳುವ ಮಾತನ್ನೂ ಯೋಚಿಸಿಟ್ಟುಕೊಂಡಿದ್ದೆ. ಬಂದದ್ದು ಬೇರೆ. ಮೂರೂ ಊರಿನಲ್ಲಿ ಮಕ್ಕಳಿಗೆ ಅತಿ ಹೆಚ್ಚು ಬೀಳುತ್ತಿದ್ದದ್ದು ತುಮಕೂರಿನಲ್ಲಿ, ಹೊಸ ಮಿಷನ್ನಿನಲ್ಲಿ, ನನ್ನ ಕೈಯಲ್ಲಿ.

ಕಾರಣ ಹೇಳುತ್ತೇನೆ, ಹೊಸಬರು ಇದೊಂದನ್ನಾದರೂ ನೆನಪಿಡಿ. ಫಿಲ್ಮ್ ಕಾಲದಲ್ಲಿ ಜಾಸ್ತಿ ಹೊಡೆದರೆ ಫಿಲ್ಮ್ ಕರ್ರಗಾಗುತ್ತಿತ್ತು. ಹೊನ್ನಪ್ಪ ಕತ್ತಲೆ ಕೋಣೆಯಿಂದಲೇ "ಸುಟ್ಟಾಕಿದ್ರಿ ಮೇಡಮ್ಮೋರೆ" ಅಂತ ಕೂಗುತ್ತಿದ್ದ. ಮರ್ಯಾದೆಗೆ ಹೆದರಿ ಕೈ ಬಿಗಿ ಹಿಡಿದು ಹೊಡೆಯುತ್ತಿದ್ದೆವು. ಕಂಪ್ಯೂಟರ್ ಬೈಯಲ್ಲ. ಎಷ್ಟು ಜಾಸ್ತಿ ಹೊಡೆದರೂ ಅದು ತಾನೇ ಸರಿಮಾಡಿಕೊಂಡು ಇನ್ನೂ ಚೆಂದದ ಚಿತ್ರ ಕೊಡುತ್ತೆ. ಡಾಕ್ಟರು "ರತ್ನಮ್ಮನ ಎಕ್ಸ್‌ರೇ ಅಂದ್ರೆ ಕನ್ನಡಿ" ಅನ್ನುತ್ತಿದ್ದರು. ನಾನು ಹಿಗ್ಗಿ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಿದ್ದೆ. ನನ್ನ ಹೆಸರಿನ ಹೊಳಪಿಗೆ ಬೆಲೆ ತೆತ್ತವು ಮಕ್ಕಳು.

ಸಾಹೇಬರು ವರದಿ ಓದಿ, "ಮೊದಲಿಂದೇ ಚೆನ್ನಾಗಿತ್ತಲ್ರೀ" ಅಂದರು. "ಇದ್ರಲ್ಲಿ ನಿಮ್ಮ ಹೆಸರೇ ಕೆಡುತ್ತೆ. ತುಮಕೂರು ಅಂತ ಬರೀಬೇಡಿ, ಒಂದು, ಎರಡು, ಮೂರನೇ ಕೇಂದ್ರ ಅಂತ ಬರೀರಿ."

ಕೇಂದ್ರಕ್ಕೆ ನಂಬರ್ ಹಾಕಿದೆ. ಆದರೆ ಜಾಸ್ತಿ ಡೋಸ್ ಬಂದ ಕೇಂದ್ರದಲ್ಲಿ ಎಕ್ಸ್‌ರೇ ತೆಗೆದವಳು ನಾನೇ ಅಂತ ಕೆಳಗೆ ಬರೆದು ಸಹಿ ಮಾಡಿದೆ. ಅದೇ ವಾರ ವಯಸ್ಸು, ತೂಕಕ್ಕೆ ತಕ್ಕ ಹಾಗೆ ಮಕ್ಕಳಿಗೆ ಬೇರೆ ಚಾರ್ಟ್ ಮಾಡಿ ಮೂರೂ ಕಡೆ ಗೋಡೆಗೆ ಅಂಟಿಸಿದೆ. ಷಟರ್ ಮುಚ್ಚದೆ ಗುಂಡಿ ಒತ್ತಬಾರದು ಅಂತ ಹೊನ್ನಪ್ಪನನ್ನು ಕಾವಲಿಗೆ ನಿಲ್ಲಿಸಿದೆ. ಅವನಿಗೆ ಮತ್ತೆ ಕೆಲಸ ಸಿಕ್ಕಿತು. "ಮೇಡಮ್ಮೋರೆ, ಅಗಲಾಯ್ತು!" ಅಂತ ಕೂಗುವಾಗ ಅವನ ದನಿಯಲ್ಲಿ ಹಳೇ ಕತ್ತಲೆ ಕೋಣೆಯ ಗತ್ತು. ಮತ್ತೆ ಅಳೆದಾಗ ಡೋಸ್ ಚೆನ್ನಾಗಿ ಇಳಿದಿತ್ತು. ಚಿತ್ರ ಒಂಚೂರು ಮಂಕು. ಡಾಕ್ಟರು "ಏನ್ ರತ್ನಮ್ಮ, ಕಣ್ಣು ಮಂಜಾಯ್ತಾ?" ಅಂದರು. ಮೂಳೆ ಕಾಣುತ್ತಾ ಸರ್ ಅಂದೆ. ಕಾಣುತ್ತೆ ಅಂದರು. ಸಾಕು ಅಂದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಆ ಟ್ರಂಕು ಎಂಥದು?"

ನಾನು ನಿವೃತ್ತಳಾದ ಮೇಲೆ, ಯಾವ ಬಡ್ತಿಗೂ ಬೇಡವಾದ ಹೊತ್ತಿಗೆ ಸರ್ಟಿಫಿಕೇಟ್ ಬಂತು. ಬೆಂಗಳೂರಿನ ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತೆ ಹುಡುಗಿ "ಮಗಳದಾ ಆಂಟಿ?" ಅಂದಳು. "ನಂದೇ" ಅಂದೆ. ಅವಳು ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟಳು. ವಾಪಸ್ ಬರುವಾಗ ತುಮಕೂರಿನಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದೆ, ಕೋರ ದಾಟುವಾಗ ಅಪ್ಪನ ಅಂಗಡಿ ಇದ್ದ ಜಾಗಕ್ಕೆ ಅದನ್ನು ಕಿಟಕಿಯಿಂದ ಎತ್ತಿ ತೋರಿಸಿದೆ. ಪಕ್ಕದ ಸೀಟಿನವರು ಬಸ್ ನಿಲ್ಲಿಸೋಕೆ ಹೇಳ್ಬೇಕಾ ಅಂತ ಕೇಳಿದರು.

ಮನೆಗೆ ಬಂದು ಕಾಲು ತೊಳೆದು ನೇರ ದೇವರ ಮನೆಗೆ ನಡೆದೆ. ಪಟದ ಮುಂದೆ ಇಟ್ಟು ಕೈಮುಗಿಯೋಣ ಅಂತ ಬಗ್ಗಿದ್ದೆ. ಹಿಂದೆ ಕೋಲಿನ ಸದ್ದು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬೀಗದ ಕೈ.

"ಅಲ್ಲಿಡಬ್ಯಾಡ ಕಣಮ್ಮಿ, ಮೈನಸ್ ಆಗೋದಾತು. ತಾ ಇಲ್ಲಿ, ನನ್ ಟ್ರಂಕ್ನಲ್ಲಿಡ್ತೀನಿ."